ಮೆತ್ತನೆಯ ಹಾಸು

ಸುಧೀಂದ್ರರು ಗಾಜಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಪಶುವೈದ್ಯರ ಬಳಿಗೆ ಓಡಿಬಂದರು. ಅದರೊಳಗೆ ಅವರು ಆಸೆಪಟ್ಟು ಸಾಕಿದ ಸಾಲಮ್ಯಾಂಡರ್ ಮುದುಡಿ ಮಲಗಿತ್ತು. ನೋಡಲು ಹಲ್ಲಿಯಂತಿದ್ದರೂ ಅದು ಕಪ್ಪೆಯ ಬಳಗದ ಪ್ರಾಣಿ. ಅವರ ಹೆಂಡತಿ ವಸುಮತಿ ಹಿಂದಿನಿಂದ ಮೆಲ್ಲಗೆ ಬಂದು ಬಾಗಿಲ ಬಳಿ ನಿಂತರು.

ವೈದ್ಯರು ಪ್ರಾಣಿಯನ್ನು ತಿರುಗಿಸಿ ನೋಡಿದರು. ಹೊಟ್ಟೆಯ ಚರ್ಮ ಕೆಂಪಾಗಿತ್ತು, ಪಾದಗಳಲ್ಲಿ ಹುಣ್ಣಾಗಿತ್ತು.

"ಪೆಟ್ಟಿಗೇಲಿ ಕೆಳಗೆ ಏನು ಹಾಸಿದೀರಿ?"

"ಬಣ್ಣದ ಜಲ್ಲಿ ಡಾಕ್ಟ್ರೇ. ಮನೆಗೆ ಬಂದೋರೆಲ್ಲ ಹೊಗಳ್ತಾರೆ."

"ಅದೇ ತರಚಿ ಗಾಯ ಮಾಡಿರೋದು. ಎಲ್ಲಾ ತೆಗೆದುಹಾಕಿ. ಒದ್ದೆ ಪಾಚಿ ಹಾಸಿ, ಮೆತ್ತಗಿರಲಿ. ನೋಡೋಕೆ ಮಾತ್ರ ಅಷ್ಟು ಚೆನ್ನಾಗಿರಲ್ಲ."

ಸುಧೀಂದ್ರರಿಗೆ ಕಣ್ಣು ತುಂಬಿಬಂತು. "ಅಂದ ಕಟ್ಟಿಕೊಂಡು ಏನು ಮಾಡ್ಲಿ ಡಾಕ್ಟ್ರೇ? ಪಾಪ, ಬಾಯಿಲ್ಲದ ಜೀವ. ಇವತ್ತೇ ಹಾಸ್ತೀನಿ."

ವೈದ್ಯರು ಔಷಧಿ ಬರೆದುಕೊಟ್ಟರು. ಸುಧೀಂದ್ರರು ಪೆಟ್ಟಿಗೆ ಎತ್ತಿಕೊಂಡು ಹೊರಟರು. ವಸುಮತಿ ಮಾತ್ರ ಒಳಗೆ ಬಂದು ವೈದ್ಯರ ಮುಂದೆ ಕುಳಿತರು.

"ಹಾಗೇ ನನ್ನ ಹಿಮ್ಮಡೀನೂ ನೋಡಿಬಿಡಿ ಡಾಕ್ಟ್ರೇ. ಅಡುಗೆಮನೇಲಿ ಮೆತ್ತನೆ ಮ್ಯಾಟ್ ಹಾಸಿ ಅಂತ ಮನುಷ್ಯರ ಡಾಕ್ಟ್ರು ಹೇಳಿದ್ದಕ್ಕೆ, ಗ್ರಾನೈಟ್ ನೆಲದ ಹೊಳಪು ಮುಚ್ಚಿಹೋಗುತ್ತೆ ಅಂದ್ರು ಇವರು."