ಮೈದಾನದ ಆಚೆ ತುದಿ

ಆಶ್ರಿತಾ ಬಾಟಲಿಯ ನಿಪ್ಪಲನ್ನು ನಾಲಗೆಯಿಂದ ಹೊರಗೆ ತಳ್ಳಿ ಮುಖ ತಿರುಗಿಸಿದಳು. ತೃಪ್ತಿ ಬಾಟಲಿ ಕೆಳಗಿಟ್ಟು ಗಡಿಯಾರ ನೋಡಿದಳು. ಹತ್ತು ಗಂಟೆಗೆ ಉಡುಪಿಯಲ್ಲಿ ಎಂ.ಎ.ಯ ಕೊನೆಯ ಪರೀಕ್ಷೆ, ರಾಜಕೀಯ ಸಿದ್ಧಾಂತದ ಪರಿಕಲ್ಪನೆಗಳು. ಗಂಜಿ ಕುದಿಯುವಾಗ, ಮಗು ಮಲಗಿದಾಗ ಓದಿದ್ದು. ಇವತ್ತು ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು. ಆದರೆ ಆರು ತಿಂಗಳ ಮಗು ಅಮ್ಮನ ಎದೆಯ ಹೊರತು ಬೇರೇನನ್ನೂ ಒಪ್ಪುತ್ತಿರಲಿಲ್ಲ.

"ನಾನು ಹೋಗುವುದಿಲ್ಲ," ಎಂದಳು.

ಬಂದರಿಗೆ ಹೊರಟಿದ್ದ ಗಂಡ ಜಿತೇಂದ್ರ ಬಾಗಿಲಲ್ಲಿ ನಿಂತ. "ಹೋಗಬೇಡ ಅಂತ ನಾನು ಹೇಳಿದೆನಾ? ಫೀಸು ಕಟ್ಟುವಾಗ ಬೇಡ ಅಂದೆನಾ? ಈ ಮನೆಯಲ್ಲಿ ನಿನ್ನನ್ನು ತಡೆದವರು ಯಾರುಂಟು?"

ಅವನು ಹೇಳಿದ್ದು ನಿಜ. ತಡೆದವರು ಯಾರೂ ಇರಲಿಲ್ಲ.

ಅತ್ತೆ ಕಮಲ ಒಳಗಿನಿಂದ ಬಂದರು. ದಿನಾ ಈ ಹೊತ್ತಿಗೆ ಕಾಪು ಪೇಟೆಯಲ್ಲಿ ಮೀನು ಮಾರುತ್ತ ಕೂತಿರುವವರು, ಇವತ್ತು ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಮೀನಿನ ಬುಟ್ಟಿ ಅಂಗಳದಲ್ಲಿ ಕವುಚಿ ಬಿದ್ದಿತ್ತು.

"ಬೇಡ ಅನ್ನಲಿಲ್ಲ ಮಾರಾಯ, ದೊಡ್ಡ ಉಪಕಾರ," ಎಂದರು ಮಗನಿಗೆ. "ಮಗುವಿಗೆ ಹಾಲು ನೀನು ಕೊಡ್ತೀಯಾ?"

ಜಿತೇಂದ್ರ ಚಪ್ಪಲಿ ಹುಡುಕತೊಡಗಿದ.

"ಮಾಮಿ, ನಿಮ್ಮ ವ್ಯಾಪಾರ?" ತೃಪ್ತಿ ಅತ್ತೆಯತ್ತ ತಿರುಗಿದಳು.

"ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ಬಸ್ಸು ಹೋಗ್ತದೆ. ನಡಿ. ಪೆನ್ನು ಉಂಟಲ್ವಾ?"

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ನೋಡುತ್ತ ಹೇಳಿದರು: "ನಿನ್ನ ಗಂಡ ಸಣ್ಣವನಿದ್ದಾಗ ನನ್ನ ಬುಟ್ಟಿಯ ಬದಿಯಲ್ಲೇ ಅಳ್ತಿದ್ದ. ಮೀನು ಕೊಳ್ಳುವವರೆಲ್ಲ ಪಾಪ ಪಾಪ ಅಂತಿದ್ದರು. ಯಾರೂ ಎತ್ತಿಕೊಳ್ಳಲಿಲ್ಲ."

ಕಾಲೇಜಿನ ಗೇಟಿನ ಮರೆಯಲ್ಲಿ ಮಗುವಿಗೆ ಹಾಲೂಡಿಸಿ, ಜಗಲಿಯಲ್ಲಿ ಅತ್ತೆಯ ಕೈಗೆ ಕೊಟ್ಟು ತೃಪ್ತಿ ಒಳಗೆ ಹೋದಳು. ಮೊದಲ ಪ್ರಶ್ನೆಯೇ ಸ್ವಾತಂತ್ರ್ಯದ ಪರಿಕಲ್ಪನೆಯನ್ನು ವಿವರಿಸಿ ಎಂದಿತ್ತು. ಬಾಯಿಪಾಠ ಬರುತ್ತಿದ್ದದ್ದು. 'ಅಡ್ಡಿ ಆತಂಕಗಳು ಇಲ್ಲದಿರುವುದೇ ಸ್ವಾತಂತ್ರ್ಯ' ಎಂದು ಬರೆಯುವಷ್ಟರಲ್ಲಿ ಜಗಲಿಯಿಂದ ಅಳು ಕೇಳಿತು. ಆಶ್ರಿತಾಳದೇ. ಪೆನ್ನು ನಿಂತಿತು. ಎದೆಹಾಲು ಉಕ್ಕಿ ರವಿಕೆ ಒದ್ದೆಯಾಯಿತು.

ಮೇಲ್ವಿಚಾರಕಿ ಹತ್ತಿರ ಬಂದು ಮೆಲ್ಲಗೆ, "ಬೇಕಾದರೆ ಹೋಗಮ್ಮ, ತಡೆಯುವುದಿಲ್ಲ. ಆದರೆ ಮತ್ತೆ ಒಳಗೆ ಬಿಡುವ ಹಾಗಿಲ್ಲ," ಎಂದರು.

ತೃಪ್ತಿ ಅರ್ಧ ಎದ್ದಳು. ಅಷ್ಟರಲ್ಲಿ ಅಳು ಸಣ್ಣದಾಗತೊಡಗಿತು. ಇನ್ನೂ ಸಣ್ಣದಾಯಿತು. ಆಮೇಲೆ ಕೇಳಿಸಲೇ ಇಲ್ಲ. ಮಲಗಿತೇನೋ ಎಂದುಕೊಂಡು ಕಿಟಕಿಯಾಚೆ ನೋಡಿದಳು.

ಬಿಸಿಲು ಸುಡುತ್ತಿದ್ದ ಮೈದಾನದ ಆಚೆ ತುದಿಯಲ್ಲಿ, ಗೋಡೆಯ ಪಕ್ಕ, ಅತ್ತೆ ಅತ್ತಿಂದಿತ್ತ ನಡೆಯುತ್ತಿದ್ದರು. ಮದುವೆ ಸೀರೆಯ ಸೆರಗು ಮಗುವಿನ ತಲೆಯ ಮೇಲಿತ್ತು. ಸೆರಗಿನ ಕೆಳಗೆ ಎರಡು ಪುಟ್ಟ ಕಾಲುಗಳು ಜೋರಾಗಿ ಒದೆಯುತ್ತಿದ್ದವು. ಅಳು ನಿಂತಿರಲಿಲ್ಲ. ಅತ್ತೆ ಅದನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿದ್ದರು.

ಕಿಟಕಿಯಲ್ಲಿ ಸೊಸೆಯ ಮುಖ ಕಂಡಿರಬೇಕು. ಮೀನಿನ ಮೇಲಿನ ನೊಣ ಓಡಿಸುವ ಹಾಗೆ ಕೈ ಬೀಸಿದರು. ಬರೆ, ಬರೆ ಎಂಬಂತೆ.

ತೃಪ್ತಿ ಕಣ್ಣೊರೆಸಿಕೊಂಡು ಕೂತಳು. ಬರೆದ ವಾಕ್ಯವನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗೆ ಬರೆದಳು: 'ಆದರೆ ಇಷ್ಟು ಸಾಲದು. ಯಾರಾದರೂ ಮಗುವನ್ನು ಎತ್ತಿಕೊಳ್ಳಬೇಕು.'