ಅರ್ಧ ಕ್ಷೌರ

ತಮ್ಮನ ಬಲಗೆನ್ನೆ ನುಣ್ಣಗಾಗಿತ್ತು. ಎಡಗೆನ್ನೆಯ ನೊರೆಗೆ ಅಣ್ಣ ಕತ್ತಿ ತಾಗಿಸಿದ್ದನಷ್ಟೇ, ಮೂವರು ವೈದ್ಯರು ಕೋಣೆಯೊಳಗೆ ಬಂದೇಬಿಟ್ಟರು. ಕುತ್ತಿಗೆಯಿಂದ ಕೆಳಗೆ ಅಲುಗಾಡದ, ಉಸಿರಿಗೂ ಯಂತ್ರವನ್ನೇ ನೆಚ್ಚಿದ್ದ ತಮ್ಮ ನಾಲ್ಕು ವರ್ಷದಿಂದ ಕೇಳುತ್ತಿದ್ದುದು ಒಂದೇ: ಯಂತ್ರ ನಿಲ್ಲಿಸಿ. ಅದನ್ನು ತೀರ್ಮಾನಿಸಬೇಕಾದವರು ಈ ಮೂವರು. "ಮನುಷ್ಯನ ಹಾಗೆ ಕೇಳ್ತೀನಿ, ಭಿಕ್ಷುಕನ ಹಾಗಲ್ಲ. ನೀಟಾಗಿ ಕೆರೆಯಣ್ಣ" ಎಂದು ಬೆಳಿಗ್ಗೆ ಅವನೇ ಕ್ಷೌರಿಕ ಅಣ್ಣನ ಅಂಗಡಿ ಮುಚ್ಚಿಸಿ ಕರೆಸಿಕೊಂಡಿದ್ದ.

ಹಿರಿಯ ವೈದ್ಯರ ಮುಖ ಅರಳಿತು. "ಕ್ಷೌರ ಬೇಕು ಅಂತ ಇವರೇ ಕೇಳಿದ್ರಾ?"

"ಇವನೇ ಸಾರ್. ತಲೆಗೆ ಬಣ್ಣಾನೂ ಹಚ್ಚು ಅಂತಿದ್ದಾನೆ" ಎಂದ ಅಣ್ಣ, ಹೆಮ್ಮೆಯಿಂದ.

"ನೋಡಿದ್ರಾ! ಚೆನ್ನಾಗಿ ಕಾಣಬೇಕು ಅನ್ನೋರಿಗೆ ಬದುಕೋ ಆಸೆ ಇಲ್ದೆ ಇರುತ್ತಾ? ಆರು ತಿಂಗಳು ಬಿಟ್ಟು ಮತ್ತೆ ನೋಡೋಣ." ತಮ್ಮ ಬಾಯಿ ತೆರೆದ. ಮಾತಿಗೆ ಬೇಕಾದ ಉಸಿರನ್ನು ಯಂತ್ರ ಕೊಡುವಷ್ಟರಲ್ಲಿ ಅವರು ಬಾಗಿಲು ದಾಟಿದ್ದರು.

ಕತ್ತಿ ಹಿಡಿದ ಅಣ್ಣ ನಿಂತಲ್ಲೇ ನಿಂತಿದ್ದ. ಇಷ್ಟು ವರ್ಷ ತಮ್ಮನಿಗಾಗಿ ಅವನ ಕೈಲಾಗುತ್ತಿದ್ದುದು ಇದೊಂದೇ ಕೆಲಸ. "ತಪ್ಪಾಯ್ತು ಕಣೋ" ಎಂದು ಗೊಣಗುತ್ತಾ, ಬೇರೇನೂ ತೋಚದೆ, ಎಡಗೆನ್ನೆಯ ಕಡೆಗೆ ಬಾಗಿದ.

ತಮ್ಮ ಮುಖ ಆಚೆ ತಿರುಗಿಸಿದ.

"ಬಿಡಣ್ಣ" ಎಂದ, ಒಂದೊಂದು ಉಸಿರಿಗೆ ಒಂದೊಂದು ಮಾತಾಗಿ. "ಅವರು ಮತ್ತೆ ಬರೋವರೆಗೂ ನನ್ನ ಮುಖ ಮುಟ್ಟಬೇಡ."