ಒಳಕೋಣೆಯ ಉತ್ತರ

ನೀರು ಸುರಿದ ಬೂದಿಯ ವಾಸನೆ. ಅಮೃತಮ್ಮನ ಹೊಸ್ತಿಲು ದಾಟುತ್ತಲೇ ಅನಸುಬಾಯಿಯ ಮೂಗಿಗೆ ಬಡಿಯಿತು. ಚಿಕ್ಕಂದಿನಲ್ಲಿ ರಾವೂರಿನ ಅಜ್ಜಿಯ ಮನೆಯಲ್ಲಿ ಒಂದು ದಿನ ಇದೇ ವಾಸನೆ ಬಂದಿತ್ತು. ಅಂದು ಯಾವುದೋ ಹಬ್ಬ. ಓಣಿಯ ಮನೆಮನೆಯಿಂದ ರೊಟ್ಟಿ ಬಂದಿದ್ದವು, ಪುಟ್ಟ ಅನಸುಬಾಯಿ ಹೊಟ್ಟೆ ಬಿರಿಯುವಷ್ಟು ತಿಂದಿದ್ದಳು. ಯಾವ ಹಬ್ಬವೆಂದು ನೆನೆಯಲು ಈಗ ಪುರುಸೊತ್ತಿರಲಿಲ್ಲ.

ಶಹಾಬಾದಿನ ಆ ಓಣಿಯಲ್ಲಿ ಟಿವಿ ಇದ್ದದ್ದು ಅಮೃತಮ್ಮನ ಮನೆಯಲ್ಲಿ ಮಾತ್ರ. ಪ್ರತಿ ವಾರ ಅದರಲ್ಲಿ ‘ನಿಜವೋ ಸುಳ್ಳೋ’ ಎಂಬ ನಗೆಯಾಟ. ನಿರೂಪಕ ಸಿನಿಮಾದವರ ಬಗ್ಗೆ ಒಂದು ಗಾಳಿಸುದ್ದಿ ಹೇಳುತ್ತಾನೆ. ಮೇಜಿನ ಹಿಂದೆ ಕೂತವರು ತಮಾಷೆ ಮಾಡುತ್ತ ಉತ್ತರ ಹೇಳಬೇಕು. ಇವತ್ತು ಅವರಲ್ಲೊಬ್ಬಳು ಅನಸುಬಾಯಿಯ ಮಗಳು ಗೋದಾವರಿ. ನಾಟಕವಾಡುತ್ತೇನೆಂದು ಬೆಂಗಳೂರಿಗೆ ಹೋದವಳ ಹೆಸರನ್ನು ಅವಳಪ್ಪ ಮಾಣಿಕಪ್ಪ ಮನೆಯಲ್ಲಿ ಎತ್ತಗೊಡುತ್ತಿರಲಿಲ್ಲ. ಮಗಳ ಮುಖ ನೋಡಿ ಎರಡು ವರ್ಷ. ಇವತ್ತು ತಪ್ಪಿದರೆ ಮತ್ತೆ ತೋರಿಸುವುದಿಲ್ಲ.

ಬಾಗಿಲಲ್ಲಿ, ಒಳಗಿಂದ ಬರುತ್ತಿದ್ದ ಎದುರುಮನೆಯ ಸೈದಾನಬಿ ಸಿಕ್ಕಳು.

“ಟಿವಿ ನೋಡಂಗಿಲ್ಲೇನು?”

“ಇಲ್ಲ ಬಾಯಿ, ರೊಟ್ಟಿ ಬಡೀಬೇಕು.” ಮುಖ ಎತ್ತದೆ ಹೋದಳು.

ಅಮೃತಮ್ಮನೂ ಯಾರಿಗೂ “ಕುಂದ್ರಿ” ಅನ್ನಲಿಲ್ಲ. ಚಹಾ ಇಲ್ಲ. ಒಳಕೋಣೆಯ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಲಕ್ವ ಹೊಡೆದು ಆ ಕೋಣೆಯಲ್ಲೇ ಮಲಗಿದ್ದ ಅವಳ ಗಂಡ ದೇವಿಂದ್ರಪ್ಪ, ಪ್ರತಿ ವಾರ ಟಿವಿಯವರಿಗಿಂತ ಮೊದಲೇ “ಸುಳ್ಳ! ಸುಳ್ಳ!” ಎಂದು ಕೂಗುತ್ತಿದ್ದರು. ಓಣಿಯವರು ನಗುತ್ತಿದ್ದದ್ದು ಅದಕ್ಕೇ. “ನಮ್ಮ ಮನಿಗೆ ಬಂದು ಮಗಳನ್ನ ನೋಡು ಅನಸುಬಾಯಿ, ಮಾಣಿಕಪ್ಪ ಬೈದ್ರ ನಾ ಅದೀನಿ” ಎಂದಿದ್ದವರೂ ದೇವಿಂದ್ರಪ್ಪನವರೇ.

“ಕಾಕಾ ಯಾಕ ಸುಮ್ಮ ಆಗ್ಯಾರ, ಅಮೃತಕ್ಕಾ?” ಮುಂದೆ ಕೂತಿದ್ದ ಓಣಿಯ ಹುಡುಗ ಸರ್ದಾರ ಕೆಣಕಿದ. “ಇವತ್ತ ಉತ್ತರ ಗೊತ್ತಾಗವಲ್ದೇನು?”

“ಮಲಗ್ಯಾರ. ಎಬ್ಬಿಸಬ್ಯಾಡ್ರಿ.”

ಮಾಣಿಕಪ್ಪ ಬಂದು ಜಗಳ ತೆಗೆದಿರಬೇಕು ಎಂದುಕೊಂಡಳು ಅನಸುಬಾಯಿ. ಈ ಮೌನ ತನ್ನ ಮೇಲಿನ ಸಿಟ್ಟು. ಟಿವಿ ಆರಿಸಿಬಿಟ್ಟರೆ?

ಪರದೆಯ ಮೇಲೆ ಗೋದಾವರಿ ಬಂದಳು.

“ನಟಿಯೊಬ್ಬರು ಎಮ್ಮೆಯ ಹಾಲಿನಲ್ಲಿ ಸ್ನಾನ ಮಾಡುತ್ತಾರಂತೆ. ನಿಜವೋ ಸುಳ್ಳೋ?” ಎಂದ ನಿರೂಪಕ.

“ಸುಳ್ಳ ಬಿಡ್ರಿ. ನಮ್ಮ ಶಹಾಬಾದದಾಗ ಎಮ್ಮಿಗೇ ಸ್ನಾನಕ್ಕ ನೀರಿಲ್ಲ!”

ಮನೆ ತುಂಬ ನಗು. ಅನಸುಬಾಯಿ ನಗಲಿಲ್ಲ. ಮಗಳ ಕೊರಳ ಎಲುಬು ನೋಡುತ್ತಿದ್ದಳು. ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ. ಅಳುವೂ ಬರಲಿಲ್ಲ.

ಅಮೃತಮ್ಮನೂ ನಗಲಿಲ್ಲ. ಎದ್ದು ಬಂದು, ಅನಸುಬಾಯಿಗೆ ಅಡ್ಡವಾಗಿದ್ದ ಸರ್ದಾರನನ್ನು ಪಕ್ಕಕ್ಕೆ ಸರಿಸಿ, ಮತ್ತೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟಳು. ಎದುರುಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಇನ್ನೂ ನಿಂತಿರಲಿಲ್ಲ. ಇಬ್ಬರೇ ಇರುವ ಮನೆಗೆ ಅಷ್ಟು ರೊಟ್ಟಿ.

ಆಟ ಮುಗಿದು ಮಂದಿ ನಗುತ್ತ ಹೊರಟರು. ಅಮೃತಮ್ಮ ಟಿವಿ ಆರಿಸಿ ಅದರ ಮರದ ಪೆಟ್ಟಿಗೆಯ ಬಾಗಿಲು ಎಳೆದಳು.

“ಮಗಳನ್ನ ಕಣ್ತುಂಬ ನೋಡಿದ್ಯಾ?”

“ನೋಡ್ದೆ ಅಕ್ಕಾ. ನನ್ನ ಮ್ಯಾಲ ಸಿಟ್ಟಾಗಿದ್ರ…”

“ಸಿಟ್ಟ್ಯಾಕವ್ವಾ? ಅವರು ನಿನಗ ಮಾತು ಕೊಟ್ಟಿದ್ರಲ್ಲ, ಅದಕ್ಕ ಸುಮ್ಮ ಕುಂತಿದ್ದೆ.”

ಒಳಕೋಣೆಯ ಬಾಗಿಲು ತೆರೆದಳು. ದೇವಿಂದ್ರಪ್ಪನವರ ತಲೆಯ ಬಳಿ ದೀಪವೊಂದು ಉರಿಯುತ್ತಿತ್ತು. ಮುಖದ ಮೇಲೆ ಬಿಳಿ ಬಟ್ಟೆ.

“ಈಗ ಹೋಗಿ ಮಾಣಿಕಪ್ಪನ್ನ ಕರಿ. ಹೊರಾಕ ನಾಲ್ಕ ಮಂದಿ ಬೇಕು.”

ರಾವೂರಿನಲ್ಲಿ ಅಂದು ಹಬ್ಬವಿರಲಿಲ್ಲ. ಅಜ್ಜ ತೀರಿದ್ದ, ಸಾವಿನ ಮನೆಯಲ್ಲಿ ಒಲೆ ಉರಿಯಬಾರದೆಂದು ನೀರು ಸುರಿದಿದ್ದರು.

ಸೈದಾನಬಿ ಒಳಗೆ ಬಂದು, ಬಟ್ಟೆ ಮುಚ್ಚಿದ ಬಿಸಿ ರೊಟ್ಟಿಯ ಬುಟ್ಟಿಯನ್ನು ಅಮೃತಮ್ಮನ ಕೈಗಿಟ್ಟಳು.